ಔಷಧ ಹಾಕಿದ ಮಲೇರಿಯಾ ಪರಾವಲಂಬಿಯಲ್ಲಿ ನೂರಾರು ಜೀನ್‌ಗಳು ಏರಿಳಿದಿವೆ, ಯಾವ ಸಾಫ್ಟ್‌ವೇರ್ ಬಳಸಲಿ?

ಸಾಫ್ಟ್‌ವೇರ್ ಸದ್ಯಕ್ಕೆ ಬದಿಗಿಡಿ. ಸ್ಯಾಂಪಲ್ ತೆಗೆದ ಗಂಟೆಯಲ್ಲಿ ಪರಾವಲಂಬಿಯ ರಕ್ತ ಹಚ್ಚಿದ ಗಾಜಿನ ಸ್ಲೈಡ್ ಇದೆಯಾ, ಅದನ್ನು ಮೊದಲು ಹೇಳಿ.

ಬಳ್ಳಾರಿಯಲ್ಲಿ ಎಂ.ಎಸ್ಸಿ ಪ್ರಾಜೆಕ್ಟ್, ಕೈಯಲ್ಲಿ ಎರಡು ಕಲ್ಚರ್‌ಗಳ (ಲ್ಯಾಬಿನಲ್ಲಿ ರಕ್ತಕಣ ಕೊಟ್ಟು ಬೆಳೆಸಿದ ಪರಾವಲಂಬಿಗಳ) ಆರ್‌ಎನ್‌ಎ ಡೇಟಾ, ಅಂದರೆ ಯಾವ ಜೀನ್ ಎಷ್ಟು ಕೆಲಸ ಮಾಡ್ತಿದೆ ಅನ್ನುವ ಲೆಕ್ಕ, ಒಂದಕ್ಕೆ ಔಷಧ ಹಾಕಿದೆ, ಇನ್ನೊಂದಕ್ಕೆ ಇಲ್ಲ. "ಏರಿಳಿದ ಜೀನ್‌ಗಳೇ ಔಷಧಕ್ಕೆ ಪರಾವಲಂಬಿ ಕೊಟ್ಟ ಉತ್ತರ ಅಲ್ವಾ?" ಅಂತ ಬರೆದಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಲ್ಯಾಬ್ ಮೀಟಿಂಗಿನಲ್ಲಿ ಎದ್ದು ನಿಂತು ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದೆ. ಅದಕ್ಕೇ ಈ ಪ್ರಶ್ನೆ ನೋಡಿ ಸುಮ್ನೆ ಇರೋಕಾಗಲಿಲ್ಲ.

ನಾನು ರಾಯಚೂರು ಜಿಲ್ಲೆ ಸಿಂಧನೂರಿನ ಕಡೆಯವಳು. ತುಂಗಭದ್ರಾ ಎಡದಂಡೆ ಕಾಲುವೆ, ನೀರು ನಿಂತ ಭತ್ತದ ಗದ್ದೆ, ಸಂಜೆಯಾದರೆ ಸೊಳ್ಳೆ. ಆರನೇ ಕ್ಲಾಸಿನಲ್ಲಿ ನನಗೆ ಚಳಿಜ್ವರ ಬಂತು. ಒಂದು ದಿನ ಬಂದರೆ ಮರುದಿನ ಬಿಡುವು, ಅದರ ಮರುದಿನ ಮತ್ತೆ ಮಧ್ಯಾಹ್ನ ನಡುಕ. ಅಮ್ಮ ಎರಡು ಕಂಬಳಿ ಹೊದಿಸಿ ಮೇಲೆ ಕೈಯಿಟ್ಟು ಒತ್ತಿ ಹಿಡಿಯುತ್ತಿದ್ದಳು. ಆರೋಗ್ಯ ಇಲಾಖೆಯವರು ಬಂದು ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಹಚ್ಚಿಕೊಂಡು ಹೋದರು. ದಿನ ಬಿಟ್ಟು ದಿನವೇ ಯಾಕೆ ಅನ್ನೋದು ಎಂ.ಎಸ್ಸಿಗೆ ಬಂದ ಮೇಲೆ ತಿಳಿಯಿತು. ಪರಾವಲಂಬಿ ಕೆಂಪು ರಕ್ತಕಣದೊಳಗೆ ಹೊಕ್ಕು, ಬೆಳೆದು, ಒಡೆದು ಹೊರಬರಲು ಸುಮಾರು 48 ಗಂಟೆ ಬೇಕು. ಪರಾವಲಂಬಿ ಹೊಕ್ಕ ಕಣಗಳೆಲ್ಲ ಒಟ್ಟಿಗೆ ಒಡೆದಾಗ ನಡುಕ ಬರುತ್ತದೆ. ಅಂದರೆ ಮೈಯೊಳಗಿನ ಪರಾವಲಂಬಿಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಇದನ್ನು ಮೈಯಲ್ಲೇ ಅನುಭವಿಸಿದವಳು ನಾನು. ಆದರೂ ಲ್ಯಾಬಿನಲ್ಲಿ ಮರೆತೆ.

ಹೈದರಾಬಾದಿನ ಒಂದು ಲ್ಯಾಬ್. ಫೆಲೋಶಿಪ್ ಸಿಕ್ಕಿತ್ತು. ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಅನ್ನುವ ಮಲೇರಿಯಾ ಪರಾವಲಂಬಿಯ ಮೇಲೆ ಹೊಸದೊಂದು ರಾಸಾಯನಿಕ ಹಾಕಿ, 24 ಗಂಟೆ ಬಿಟ್ಟು ಆರ್‌ಎನ್‌ಎ ತೆಗೆದು, ಯಾವ ಜೀನ್ ಏರಿತು, ಯಾವುದು ಇಳಿಯಿತು ನೋಡುವುದು ನನ್ನ ಕೆಲಸ. ಡೇಟಾ ಬಂದಾಗ ಖುಷಿಯೋ ಖುಷಿ. ಹಿಮೋಗ್ಲೋಬಿನ್ ಅರಗಿಸುವ ಕಿಣ್ವಗಳ ಜೀನ್‌ಗಳು ಕುಸಿದಿದ್ದವು. ಡಿಎನ್‌ಎ ನಕಲು ಮಾಡುವ ಜೀನ್‌ಗಳೂ ಕುಸಿದಿದ್ದವು. ರಕ್ತಕಣದ ಮೇಲೆ ಗುಬುಟು ಎಬ್ಬಿಸುವ ಕೆಎಎಚ್‌ಆರ್‌ಪಿ ಜೀನ್ ಐದಾರು ಪಟ್ಟು ಏರಿತ್ತು. ನಾನು ಕಥೆ ಕಟ್ಟಿದೆ: ಔಷಧ ಪರಾವಲಂಬಿಯ ಊಟ ನಿಲ್ಲಿಸಿದೆ, ಸಂತಾನ ನಿಲ್ಲಿಸಿದೆ, ಅದು ಹೆದರಿ ರಕ್ತಕಣದ ಗೋಡೆ ಗಟ್ಟಿ ಮಾಡಿಕೊಳ್ತಿದೆ. ಪೋಸ್ಟರ್ ಕೂಡ ಪ್ರಿಂಟ್ ಆಯಿತು.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳ್ತೀನಿ. ಉದ್ದ ಆಯ್ತು ಅನ್ನಿಸಿದರೂ ಓದಿ, ಯಾಕಂದ್ರೆ ನನ್ನ ಒಂದೂವರೆ ವರ್ಷ ಹೋಗಿದ್ದು ಇಲ್ಲೇ.

ಕಲ್ಚರ್ ಫ್ಲಾಸ್ಕಿನಲ್ಲಿ ಎಲ್ಲ ವಯಸ್ಸಿನ ಪರಾವಲಂಬಿಗಳೂ ಕಲೆತಿರುತ್ತವೆ. ಎಳೆಯವು ರಿಂಗ್, ನಡುವಯಸ್ಸಿನವು ಟ್ರೋಫೋಝೊಯಿಟ್, ಒಡೆಯಲು ಸಿದ್ಧವಾದವು ಸೈಝೊಂಟ್. ಇವನ್ನು ಒಂದೇ ವಯಸ್ಸಿಗೆ ತರಲು ಶೇಕಡಾ 5ರ ಸಾರ್ಬಿಟಾಲ್ (ಸಕ್ಕರೆಯಂಥ ಒಂದು ವಸ್ತು) ಹಾಕುವುದು 1979ರಿಂದ ಬಂದ ರೂಢಿ. ಬಲಿತ ಪರಾವಲಂಬಿ ಇರುವ ರಕ್ತಕಣದ ಪೊರೆ ಸಾರ್ಬಿಟಾಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಜೊತೆಗೆ ನೀರೂ ನುಗ್ಗಿ ಕಣ ಒಡೆಯುತ್ತದೆ. ರಿಂಗ್ ಇರುವ ಕಣ ಉಳಿಯುತ್ತದೆ. ನಾನು ಇದನ್ನು ಒಂದೇ ಸಲ ಮಾಡಿ "ಸಿಂಕ್ರೊನೈಸ್ ಆಯ್ತು" ಅಂತ ನೋಟ್‌ಬುಕ್‌ನಲ್ಲಿ ಬರೆದೆ. ಆದರೆ ಆಗ ಹುಟ್ಟಿದ್ದೂ ರಿಂಗ್, ಸುಮಾರು 20 ಗಂಟೆ ವಯಸ್ಸಿನದ್ದೂ ರಿಂಗ್. 48 ಗಂಟೆಯ ಬದುಕಿನಲ್ಲಿ 20 ಗಂಟೆ ಅಂತರ ಅಂದ್ರೆ ತೊಟ್ಟಿಲ ಕೂಸನ್ನೂ ಮದುವೆಯಾದವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಹಾಗೆ. ಬಿಗಿಯಾಗಿ ಬೇಕಿದ್ದರೆ ಪರ್ಕಾಲ್ ಅನ್ನುವ, ಸಾಂದ್ರತೆ ನೋಡಿ ಕಣ ಬೇರೆ ಮಾಡುವ ದ್ರವದಿಂದ ಸೈಝೊಂಟ್‌ಗಳನ್ನು ಬೇರ್ಪಡಿಸಿ, ಹೊಸ ರಕ್ತಕಣ ಕೊಟ್ಟು, ಮೂರ್ನಾಲ್ಕು ಗಂಟೆ ಹೊಕ್ಕಲು ಬಿಟ್ಟು, ಆಮೇಲೆ ಸಾರ್ಬಿಟಾಲ್ ಹಾಕಬೇಕು. ಆಗ ಅಂತರ ಆ ಮೂರ್ನಾಲ್ಕು ಗಂಟೆಯಷ್ಟೇ.

ಇದು ಅರ್ಧ ತಪ್ಪು. ಇನ್ನರ್ಧ ಇದಕ್ಕಿಂತ ದೊಡ್ಡದು. ನನ್ನ ರಾಸಾಯನಿಕ ಪರಾವಲಂಬಿಯ ಬೆಳವಣಿಗೆಯನ್ನೇ ನಿಧಾನ ಮಾಡುತ್ತಿತ್ತು. 24 ಗಂಟೆ ಕಳೆದಾಗ ಔಷಧ ಇಲ್ಲದ ಕಲ್ಚರ್ ಮುಂದೆ ಹೋಗಿತ್ತು, ಔಷಧ ಹಾಕಿದ್ದು ರಿಂಗ್‌ನಲ್ಲೇ ನಿಂತಿತ್ತು. ಗೋಡೆ ಗಡಿಯಾರ ಎರಡಕ್ಕೂ ಒಂದೇ ಹೊತ್ತು ತೋರಿಸುತ್ತಿತ್ತು, ಪರಾವಲಂಬಿಗಳ ವಯಸ್ಸು ಒಂದೇ ಆಗಿರಲಿಲ್ಲ. ಕೆಎಎಚ್‌ಆರ್‌ಪಿ ರಿಂಗ್ ಹಂತದಲ್ಲೇ ಜಾಸ್ತಿ ಇರುತ್ತದೆ. ಹಿಮೋಗ್ಲೋಬಿನ್ ಅರಗಿಸುವ ಜೀನ್‌ಗಳು ಆಮೇಲೆ ಏರುತ್ತವೆ, ಡಿಎನ್‌ಎ ನಕಲಿನವು ಇನ್ನೂ ಆಮೇಲೆ. ನಾನು "ಔಷಧದ ಪರಿಣಾಮ" ಅಂತ ಪಟ್ಟಿ ಮಾಡಿದ್ದೆಲ್ಲ ಎಳೆಯದಕ್ಕೂ ಬಲಿತದ್ದಕ್ಕೂ ಇರುವ ವ್ಯತ್ಯಾಸ. ನಮ್ಮ ಕಡೆ ಯಾರಾದರೂ ತೆನೆ ಬಂದ ಗದ್ದೆಯ ಪಕ್ಕ ನಿನ್ನೆ ನಾಟಿ ಮಾಡಿದ ಗದ್ದೆ ತೋರಿಸಿ "ನೋಡಿ, ಈ ಗೊಬ್ಬರ ತೆನೆ ತಡೆಯುತ್ತೆ" ಅಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಗೈಡ್ ಸರ್ ಪೋಸ್ಟರ್ ನೋಡಿ ಒಂದೇ ಮಾತು ಕೇಳಿದರು: "24ನೇ ಗಂಟೆಯ ಸ್ಲೈಡ್ ತೋರಿಸಮ್ಮಾ." ಸ್ಲೈಡ್ ಮಾಡಿದ್ದೆ, ಮೆಥನಾಲ್‌ನಲ್ಲಿ ಅದ್ದಿ ಬಾಕ್ಸಿಗೂ ಹಾಕಿದ್ದೆ, ಬಣ್ಣ ಮಾತ್ರ ಹಾಕಿರಲಿಲ್ಲ. ಆರ್‌ಎನ್‌ಎ ಸಿಕ್ಕಿತಲ್ಲ, ಇನ್ನೇನು ಅನ್ನಿಸಿತ್ತು. ಅವತ್ತು ಸಂಜೆ ಜೀಮ್ಸಾ ಬಣ್ಣ ಹಾಕಿ, ತೊಳೆದು, ಒಣಗಿಸಿ, ಎಣ್ಣೆ ಹನಿ ಬಿಟ್ಟು ನೂರರ ಲೆನ್ಸ್ ಇಳಿಸಿದೆ. ಔಷಧ ಇಲ್ಲದ ಸ್ಲೈಡಿನಲ್ಲಿ ತುಂಬಿಕೊಂಡ ನೀಲಿ ಪರಾವಲಂಬಿಗಳು, ನಡುವೆ ಕಂದು ಬಣ್ಣದ ಹಿಮೋಝೋಯಿನ್ (ಹಿಮೋಗ್ಲೋಬಿನ್ ಅರಗಿಸಿ ಉಳಿದ ಕಸ) ಚುಕ್ಕೆ. ಔಷಧ ಹಾಕಿದ್ದರಲ್ಲಿ ತೆಳ್ಳಗಿನ ನೀಲಿ ಉಂಗುರ, ಅಂಚಿನಲ್ಲಿ ಕೆಂಪು ಹರಳು. ಎಷ್ಟು ಸರಿಸಿದರೂ ಉಂಗುರಗಳೇ. ಐದು ತಿಂಗಳಿಂದ ಆ ಬಾಕ್ಸ್ ನನ್ನ ಟೇಬಲ್ ಮೇಲೇ ಇತ್ತು.

ಆರ್‌ಎನ್‌ಎ ಖಾಲಿಯಾಗಿತ್ತು. ಮತ್ತೆ ಸೀಕ್ವೆನ್ಸಿಂಗ್ ಮಾಡಿಸಲು ಹಣ ಇರಲಿಲ್ಲ. ಅಷ್ಟರಲ್ಲಿ ಫೆಲೋಶಿಪ್ ಮುಗಿಯಿತು. ಈಗ ರಾಯಚೂರಿನಲ್ಲಿ ಡಿಗ್ರಿ ಮಕ್ಕಳಿಗೆ ಪಾಠ ಮಾಡ್ತೀನಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. "ಔಷಧಕ್ಕೆ ಕೊಟ್ಟ ಉತ್ತರ" ಅನ್ನುವ ನಿಮ್ಮ ಊಹೆಯನ್ನೇ ನಾನು ಒಪ್ಪುವುದಿಲ್ಲ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ತಂಡ ಫಾಲ್ಸಿಪಾರಂ ಅನ್ನು 48 ಗಂಟೆ ಕಾಲ ಗಂಟೆಗೊಮ್ಮೆ ಅಳೆಯಿತು. ಬಹುಪಾಲು ಜೀನ್‌ಗಳು ಒಂದು ಸುತ್ತಿನಲ್ಲಿ ಒಂದು ಸಲ ಏರಿ, ಒಂದು ಸಲ ಇಳಿಯುತ್ತವೆ. ಒಂದರ ಹಿಂದೆ ಒಂದು, ಬೇಕಾದ ಹೊತ್ತಿಗೆ ಬೇಕಾದಷ್ಟು. ಸುಮಾರು 5,300 ಜೀನ್‌ಗಳಿಗೆ ಎಪಿ2 ಗುಂಪಿನ ನಿಯಂತ್ರಕ ಪ್ರೋಟೀನುಗಳು ಇರುವುದು 27ರ ಆಸುಪಾಸು. ಇಷ್ಟು ಕಡಿಮೆ ಮೇಸ್ತ್ರಿಗಳಿಂದ ಈ ಕೆಲಸ ನಡೆಯುವುದು ನನಗೆ ಇವತ್ತಿಗೂ ಬೆರಗು. ಅವುಗಳಲ್ಲಿ ಎಪಿ2-ಜಿ ಅನ್ನುವ ಒಂದು ಕೆಲಸ ಶುರು ಮಾಡಿದರೆ ಪರಾವಲಂಬಿ ರಕ್ತದ ಸುತ್ತು ಬಿಟ್ಟು ಸೊಳ್ಳೆಗೆ ಹೋಗುವ ಗಂಡು, ಹೆಣ್ಣು ರೂಪದ ಕಡೆ ತಿರುಗುತ್ತದೆ. ಇದು 2014ರಲ್ಲಿ ಗೊತ್ತಾಯಿತು. ಜೀವಿಯೇ ಇಷ್ಟು ಗಂಟೆ ಲೆಕ್ಕದಲ್ಲಿ ಬದುಕುವಾಗ ವಯಸ್ಸಿನ ವ್ಯತ್ಯಾಸ ಉಳಿದೆಲ್ಲ ವ್ಯತ್ಯಾಸಗಳನ್ನೂ ನುಂಗಿ ಹಾಕುತ್ತದೆ. ಅದನ್ನು ತೆಗೆದ ಮೇಲೆ ಉಳಿದದ್ದಷ್ಟೇ ಔಷಧದ್ದು. ಬಹಳ ಸಲ ಉಳಿಯುವುದು ತೀರಾ ಕಡಿಮೆ.

ತೆಗೆಯುವ ದಾರಿ ಇದೆ. ಆ 48 ಗಂಟೆಯ ಡೇಟಾ ಎಲ್ಲರಿಗೂ ಸಿಗುತ್ತದೆ. ನಿಮ್ಮ ಒಂದೊಂದು ಸ್ಯಾಂಪಲನ್ನೂ ಅದರ ಪ್ರತಿ ಗಂಟೆಯ ಜೊತೆ ಹೋಲಿಸಿ, ಯಾವ ಗಂಟೆಗೆ ಹೆಚ್ಚು ಹೊಂದುತ್ತೆ ನೋಡಿ. ಒಂದು 14ನೇ ಗಂಟೆಗೆ ಕೂತು, ಇನ್ನೊಂದು 30ಕ್ಕೆ ಕೂತರೆ ನಿಮ್ಮ ಪಟ್ಟಿಯನ್ನು ನಂಬಬೇಡಿ. ನಾನು ನಿಮ್ಮ ಜಾಗದಲ್ಲಿದ್ದರೆ ಔಷಧ ಇಲ್ಲದ ಕಲ್ಚರಿನಿಂದ ಒಂದಲ್ಲ, ಐದಾರು ಹೊತ್ತಿನ ಸ್ಯಾಂಪಲ್ ತೆಗೆಸಿ, ಔಷಧ ಹಾಕಿದ್ದನ್ನು ಅದೇ ವಯಸ್ಸಿನದಕ್ಕೆ ಹೋಲಿಸುತ್ತಿದ್ದೆ.

ಗ್ಯಾಮಿಟೋಸೈಟ್, ಅಂದರೆ ಸೊಳ್ಳೆಗೆ ಹೋಗುವ ಆ ಗಂಡು, ಹೆಣ್ಣು ರೂಪದ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ಅಲ್ಲಿ ಆರ್‌ಎನ್‌ಎ ಕಂಡ ಮಾತ್ರಕ್ಕೆ ಪ್ರೋಟೀನ್ ಇದೆ ಅನ್ನಬೇಡಿ. ಹೆಣ್ಣು ಗ್ಯಾಮಿಟೋಸೈಟ್ ಪಿ25, ಪಿ28 ಜೀನ್‌ಗಳ ಆರ್‌ಎನ್‌ಎಯನ್ನು ಮೊದಲೇ ಮಾಡಿ, ಕಟ್ಟಿ, ಎತ್ತಿಟ್ಟಿರುತ್ತದೆ. ಸೊಳ್ಳೆಯ ಹೊಟ್ಟೆ ಸೇರಿದ ಮೇಲೆ ಬಿಚ್ಚುತ್ತದೆ. ಇಲಿಯ ಮಲೇರಿಯಾದಲ್ಲಿ ಈ ಗಂಟು ಕಾಯುವುದು ಡೋಝಿ ಅನ್ನುವ ಪ್ರೋಟೀನ್ ಅಂತ 2006ರಲ್ಲಿ ತೋರಿಸಿದರು.

ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತೆ, ನಿಮ್ಮ ಗೈಡ್‌ಗೆ ಗೊತ್ತಿರುವುದನ್ನೇ ಬಳಸಿ. ಆದರೆ ನಾಳೆ ಬೆಳಿಗ್ಗೆ ಅವರನ್ನು ಕೇಳಬೇಕಾದ್ದು ಬೇರೆ: ಸಾರ್ಬಿಟಾಲ್ ಎಷ್ಟು ಸಲ ಹಾಕಿದ್ದರು? ಸ್ಯಾಂಪಲ್ ತೆಗೆದ ಗಂಟೆಯ ಸ್ಲೈಡ್‌ಗಳು ಯಾವ ಬಾಕ್ಸಿನಲ್ಲಿವೆ? ಬಣ್ಣ ಹಾಕಿಲ್ಲದಿದ್ದರೆ ನೀವೇ ಹಾಕಿ. ಫೋಟೋ ಇಲ್ಲಿ ಹಾಕಿದರೆ ರಿಂಗ್ ಎಷ್ಟು, ಟ್ರೋಫೋಝೊಯಿಟ್ ಎಷ್ಟು ಅಂತ ನಾನೂ ಕೂತು ಎಣಿಸ್ತೀನಿ.