ಪ್ಯಾನ್ಸಿ ಬಿಡಿ, ವಯೋಲಾ ಹಾಕಿ ನೋಡಿ

ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಸಾಕಾಗುವ ಚಿಕ್ಕ ಹೂಗಿಡ ಯಾವುದು, ಹೋದ ಸಲ ಹಾಕಿದ ಪ್ಯಾನ್ಸಿ ಯಾಕೆ ಸೊರಗಿತು ಅಂತ ಕೇಳಿದ್ದೀರಿ. ನಾನಾದರೆ ವಯೋಲಾ ಹಾಕ್ತೀನಿ. ಪ್ಯಾನ್ಸಿಯ ಹತ್ತಿರದ ನಂಟೇ, ಹೂ ಮಾತ್ರ ಚಿಕ್ಕದು. ಆ ಚಿಕ್ಕತನವೇ ಅನುಕೂಲ. ಜೋರು ಮಳೆ ಹೊಡೆದರೆ ಪ್ಯಾನ್ಸಿಯ ದೊಡ್ಡ ಎಸಳು ಒದ್ದೆ ಕಾಗದದ ಹಾಗೆ ಜೋತುಬೀಳುತ್ತೆ, ವಯೋಲಾ ಬೇಗ ಚೇತರಿಸಿಕೊಳ್ಳುತ್ತೆ. ಹೂವೂ ಹೆಚ್ಚು.

ಆದರೆ ಇದಕ್ಕೆ ತಂಪು ಬೇಕೇ ಬೇಕು. 30 ಡಿಗ್ರಿ ದಾಟಿದ ಬಿಸಿಲಲ್ಲಿ ಕಡ್ಡಿಯಂತೆ ಉದ್ದ ಬೆಳೆದು ಹೂ ಬಿಡೋದನ್ನ ನಿಲ್ಲಿಸುತ್ತೆ. ನಿಮ್ಮ ಪ್ಯಾನ್ಸಿಗೂ ಇದೇ ಆಗಿರಬಹುದು. ಬಿತ್ತಿದ ಮೇಲೆ ಹೂ ಬರೋಕೆ ಸುಮಾರು ಮೂರು ತಿಂಗಳು ಬೇಕು, ಲೆಕ್ಕ ಹಾಕಿ ತಂಪುಕಾಲಕ್ಕೆ ಮುಂಚೆಯೇ ನೆರಳಲ್ಲಿ ಸಸಿ ಮಾಡಿಕೊಳ್ಳಿ. ಬೀಜ ಕತ್ತಲಲ್ಲಿ ಚೆನ್ನಾಗಿ ಮೊಳೆಯುತ್ತೆ, ಮೇಲೆ ಅರ್ಧ ಸೆಂ.ಮೀ. ಮಣ್ಣು ಮುಚ್ಚಿ. ನೆಡುವಾಗ 15 ಸೆಂ.ಮೀ. ಅಂತರ.

ಆ ಹತ್ತು ನಿಮಿಷ ಬೇಕಾಗೋದು ಬಾಡಿದ ಹೂ ಕೀಳೋಕೆ. ಮೊದಲ ವರ್ಷ ನಾನು ಬಾಡಿದ ಎಸಳಷ್ಟೇ ಕಿತ್ತು ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಎಸಳಿನ ಹಿಂದಿದ್ದ ಹಸಿರು ಕಾಯಿ ಹಾಗೇ ಉಳಿದಿತ್ತು, ಗಿಡದ ಶಕ್ತಿಯೆಲ್ಲ ಬೀಜಕ್ಕೇ ಹೋಯ್ತು. ತೊಟ್ಟನ್ನ ಬುಡದವರೆಗೂ ಹಿಡಿದು ಚಿವುಟಬೇಕು. ಒಂದೆರಡು ಕಾಯಿ ಮಾತ್ರ ಬೇಕಂತಲೇ ಬಿಡಿ, ನೋಡೋಕೆ ಚೆನ್ನ. ಎಳೆಯದಿದ್ದಾಗ ತಲೆ ತಗ್ಗಿಸಿರುತ್ತೆ, ಬಲಿತಾಗ ನೆಟ್ಟಗೆ ನಿಂತು ಮೂರು ಪುಟ್ಟ ದೋಣಿಗಳಾಗಿ ಒಡೆಯುತ್ತೆ. ದೋಣಿಯ ಅಂಚುಗಳು ಒಣಗಿ ಒತ್ತಿಕೊಂಡ ಹಾಗೆಲ್ಲ ಒಳಗಿನ ಬೀಜ ಒಂದೊಂದಾಗಿ ಚಿಮ್ಮುತ್ತೆ. ಮುಂದಿನ ತಂಪಿಗೆ ಪಕ್ಕದ ಕುಂಡದಲ್ಲಿ ಪುಕ್ಕಟೆ ಸಸಿ!

ನಡುವೆ ಗಿಡ ಜಾಳಾಗಿ ಹರಡಿದರೆ ಅರ್ಧಕ್ಕೆ ಕತ್ತರಿಸಿ, ಮತ್ತೆ ಚಿಗುರುತ್ತೆ. ನೀರು, ಮೇಲ್ಮಣ್ಣು ಒಣಗಿದಾಗ ಮಾತ್ರ. ಗಿಡಹೇನು ಕಂಡರೆ ನೀರು ರಭಸವಾಗಿ ಹೊಡೆದರೆ ಬಹುಮಟ್ಟಿಗೆ ಹೋಗುತ್ತೆ. ಗೊಬ್ಬರ ಜಾಸ್ತಿ ಸುರಿದರೆ ಬರೀ ಎಲೆ.

ಅಂಚಿಗೆ ಅಲಿಸಮ್ ಅನ್ನೋ ಪುಟ್ಟ ಹೂಗಿಡ ಹಾಕಿ. ಅದರ ಬೀಜ ವಯೋಲಾಕ್ಕೆ ತದ್ವಿರುದ್ಧ, ಬೆಳಕು ಬೇಕು, ಮಣ್ಣು ಮುಚ್ಚಲೇಬೇಡಿ. ಲೊಬೀಲಿಯಾ ಕೂಡ ಚೆಂದ, ಬೀಜ ಮಾತ್ರ ಧೂಳಿನಷ್ಟು ಸಣ್ಣದು, ಬಿತ್ತುವಾಗ ಸೀನಿದರೆ ಮುಗೀತು. ಅದನ್ನ ಸಸಿಯಾಗಿಯೇ ತನ್ನಿ.