ಕಷ್ಟದ ದಿನಗಳ ನೆನಪನ್ನು ಬರೆಯಲು ಕೂತರೆ ಮನಸ್ಸು ಇನ್ನೂ ಭಾರವಾಗುತ್ತದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆಗಳಿವೆ. ಬಡತನದಲ್ಲಿ ಕಳೆದ ಬಾಲ್ಯ ಈಗಲೂ ಕಾಡುತ್ತದೆ, ಬರೆದರೆ ಹಗುರಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಬರೆದ ರಾತ್ರಿ ನಿದ್ದೆಯೇ ಹತ್ತುವುದಿಲ್ಲ, ಯಾಕೆ ಅನ್ನುವುದು ಒಂದು. ಪಟ್ಟ ಕಷ್ಟಕ್ಕೆ ಏನಾದರೂ ಅರ್ಥವಿದೆಯೇ ಅನ್ನುವುದು ಇನ್ನೊಂದು. ಮೊದಲನೆಯದು ಒಂದು ಹದಕ್ಕೆ ಬರುವವರೆಗೆ ಎರಡನೆಯದಕ್ಕೆ ಕೈ ಹಾಕಬೇಡಿ. ಅರ್ಥ ಹುಡುಕುವ ಅವಸರದಲ್ಲೇ ಬಹಳ ಜನ ಎಡವುವುದನ್ನು ನೋಡಿದ್ದೇನೆ.

ಬರೆದ ದಿನ ಭಾರ ಅನ್ನಿಸಿದರೆ ದಾರಿ ತಪ್ಪಿತು ಅಂದುಕೊಳ್ಳಬೇಡಿ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಪೆನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಯಲು ಕೂರಿಸಿದರು. ಕೆಲವರು ಕಹಿ ಘಟನೆಯಲ್ಲಿ ನಡೆದದ್ದನ್ನಷ್ಟೇ ಬರೆದರು, ಕೆಲವರು ಅನ್ನಿಸಿದ್ದನ್ನಷ್ಟೇ, ಕೆಲವರು ಎರಡನ್ನೂ, ಉಳಿದವರು ಯಾವುದೋ ಸಾಮಾನ್ಯ ವಿಷಯ. ಎರಡನ್ನೂ ಸೇರಿಸಿ ಬರೆದವರ ಮನಸ್ಸು ಬರೆದ ಕೂಡಲೇ ಕುಗ್ಗಿತ್ತು, ರಕ್ತದೊತ್ತಡ ಏರಿತ್ತು. ಆದರೆ ಮುಂದಿನ ಆರು ತಿಂಗಳಲ್ಲಿ ಕಾಯಿಲೆ ಅಂತ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ್ದು ಕಡಿಮೆಯಾದದ್ದೂ ಇವರಲ್ಲೇ. ಇದರಿಂದ ಪವಾಡ ನಿರೀಕ್ಷಿಸಬೇಡಿ. 2006ರಲ್ಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಸರಾಸರಿ ಲಾಭ ಇದೆ, ಆದರೆ ಸಣ್ಣದು ಅಂತ ಕಂಡುಬಂತು. ಕೆಲವರಿಗೆ ತುಂಬ ಹಿಡಿಸುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ.

ಈ ವ್ಯತ್ಯಾಸ ಹೇಗೆ ಬರೆಯುತ್ತೀರಿ ಅನ್ನುವುದರ ಮೇಲೂ ನಿಂತಿದೆ. ನಮ್ಮಲ್ಲಿ ‘ಮೆಲುಕು ಹಾಕುವುದು’ ಅಂತ ಒಂದು ಮಾತಿದೆಯಲ್ಲ, ಸಿಹಿ ನೆನಪಿಗೆ ಅದು ಸರಿ. ಕಹಿಯನ್ನು ಮೆಲುಕು ಹಾಕಿದರೆ ಅದೇ ಕಹಿ ಮತ್ತೆ ಬಾಯಿಗೆ ಬರುತ್ತದೆ. ‘ನನಗೇ ಯಾಕೆ ಹೀಗಾಯಿತು’, ‘ಅವರು ಯಾಕೆ ಹಾಗೆ ಮಾಡಿದರು’ ಅಂತ ಮೂರು ಪುಟ ತುಂಬಿಸಿದರೆ ಅದು ಕಾಗದದ ಮೇಲೆ ನಡೆದ ಮೆಲುಕು. ಪುಟ ಮುಂದೆ ಹೋಗಿರುತ್ತದೆ, ನೀವು ನಿಂತಲ್ಲೇ ನಿಂತಿರುತ್ತೀರಿ. ಆರಂಭದಲ್ಲಿ ‘ಯಾಕೆ’ ಬಿಡಿ. ಯಾವ ದಿನ, ಎಲ್ಲಿ, ಯಾರಿದ್ದರು, ಮೊದಲು ಏನಾಯಿತು, ಆಮೇಲೆ ಏನಾಯಿತು, ನಿಮಗೆ ಮೈಯಲ್ಲಿ ಏನನ್ನಿಸಿತು, ಇಷ್ಟು ಸಾಕು.

ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. ‘ಅಪ್ಪ ಹೋದ ಮೇಲೆ ನಮ್ಮ ಬದುಕು ನರಕವಾಯಿತು, ಯಾರೂ ನಮ್ಮ ಕೈ ಹಿಡಿಯಲಿಲ್ಲ.’ ಇದು ತೀರ್ಪು, ಇದರಲ್ಲಿ ನೆನಪು ಇಲ್ಲ. ಈಗ ಇದನ್ನು ನೋಡಿ: ‘ಪರೀಕ್ಷೆಗೆ ಮೂರು ದಿನ ಇತ್ತು. ಅಮ್ಮ ಟ್ರಂಕಿನಿಂದ ಅಪ್ಪನ ಗಡಿಯಾರ ತೆಗೆದು ಮೇಜಿನ ಮೇಲಿಟ್ಟರು. ಮಾರಿಬಿಡೋಣ ಅಂದರು. ಸರಿ ಅಂದೆ. ಗಂಟಲು ಕಟ್ಟಿತ್ತು. ಗಡಿಯಾರ ಇನ್ನೂ ನಡೆಯುತ್ತಿತ್ತು.’ ಎರಡನೆಯದನ್ನು ಬರೆಯುವಾಗ ನೋವು ಹೆಚ್ಚು, ನಿಜ. ಆದರೆ ಈ ನೋವಿಗೆ ಒಂದು ದಿನ, ಒಂದು ಮೇಜು, ಒಂದು ಕೊನೆ ಇದೆ. ‘ನರಕ’ಕ್ಕೆ ಕೊನೆ ಎಲ್ಲಿ? ಖಿನ್ನತೆಯಲ್ಲಿರುವವರಿಗೆ ನಿರ್ದಿಷ್ಟ ಘಟನೆಯೊಂದನ್ನು ಹೇಳಿ ಅಂದರೂ ‘ಯಾವಾಗಲೂ ಹಾಗೇ’ ಅನ್ನುವಂಥ ಸಾರಾಸಗಟು ಉತ್ತರವೇ ಬರುವುದು ಹೆಚ್ಚು. ಇದನ್ನು ಸಂಶೋಧಕರು 1980ರ ದಶಕದಿಂದಲೇ ಗುರುತಿಸಿದ್ದಾರೆ. ಹಾಗಾಗಿ ನಿಮ್ಮ ಬರಹದಲ್ಲಿ ‘ಯಾವಾಗಲೂ’, ‘ಯಾರೂ’, ‘ಎಲ್ಲ’ ಬಂದ ಕಡೆಯೆಲ್ಲ ನಿಂತು, ‘ಒಂದು ಸಲ’ ಅಂತ ಶುರುಮಾಡಿ ಇನ್ನೊಂದು ವಾಕ್ಯ ಸೇರಿಸಿ.

ಇನ್ನು ಕ್ರಮ. ಮೊದಲ ದಿನ ಬರೆಯಲೇಬೇಡಿ, ಒಂದು ದಾರ ತೆಗೆದುಕೊಳ್ಳಿ. ಯುದ್ಧ ಕಂಡು ನಿರಾಶ್ರಿತರಾದವರಿಗಾಗಿ ಜರ್ಮನಿಯ ಮನೋವಿಜ್ಞಾನಿಗಳು ರೂಪಿಸಿದ ಚಿಕಿತ್ಸೆಯೊಂದರಲ್ಲಿ ಹಗ್ಗವನ್ನು ನೆಲದ ಮೇಲೆ ಹಾಸಿ, ಹುಟ್ಟಿನಿಂದ ಇವತ್ತಿನವರೆಗೆ ಕಷ್ಟದ ಘಟನೆಗೊಂದು ಕಲ್ಲು, ಒಳ್ಳೆಯದಕ್ಕೊಂದು ಹೂವು ಇಡಿಸುತ್ತಾರೆ. ಹಗ್ಗದ ತುದಿಯನ್ನು ಸುರುಳಿ ಸುತ್ತಿ ಬಿಡುತ್ತಾರೆ, ಅದು ಇನ್ನೂ ಬದುಕಬೇಕಾದ ಆಯಸ್ಸು. ಚಿಕಿತ್ಸೆಗೆ ತಜ್ಞರೇ ಬೇಕು. ಆದರೆ ದಾರ ಹಾಸಿ ಘಟನೆಗಳನ್ನು ವಯಸ್ಸಿನ ಕ್ರಮದಲ್ಲಿ ಇಡುವಷ್ಟನ್ನು ಮನೆಯಲ್ಲೇ ಮಾಡಬಹುದು. ಹೂವನ್ನು ಮರೆಯಬೇಡಿ. ಕೈಗೆ ಹತ್ತು ಕಲ್ಲು ಸಿಕ್ಕಿ ಹೂವು ಒಂದೂ ಸಿಗದಿದ್ದರೆ ಆ ವರ್ಷಗಳಲ್ಲಿ ಊಟ ಕೊಟ್ಟವರು, ಪುಸ್ತಕ ಕೊಟ್ಟವರು, ಸುಮ್ಮನೆ ಜೊತೆಗೆ ಕೂತವರು ಯಾರು ಅಂತ ಕೇಳಿಕೊಳ್ಳಿ.

ಎರಡನೆಯ ದಿನದಿಂದ ಸತತ ನಾಲ್ಕು ದಿನ, ದಿನಕ್ಕೆ 15ರಿಂದ 20 ನಿಮಿಷ. ಗಡಿಯಾರ ಇಟ್ಟುಕೊಳ್ಳಿ, ಸಮಯ ಮುಗಿದರೆ ಅರ್ಧ ವಾಕ್ಯದಲ್ಲಾದರೂ ನಿಲ್ಲಿಸಿ. ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ಮೊದಲೇ ಎತ್ತಬೇಡಿ. ಹತ್ತಕ್ಕೆ ನಾಲ್ಕೈದರಷ್ಟು ನೋಯಿಸುವ ಘಟನೆ ಆರಿಸಿ. ನಿಮಗೆ ನಿದ್ದೆಯ ತೊಂದರೆ ಇರುವುದರಿಂದ ರಾತ್ರಿ ಬೇಡವೇ ಬೇಡ. ಸಂಜೆಗೆ ಮುಂಚೆ ಬರೆದು ಎದ್ದು ಮುಖ ತೊಳೆದು ಹತ್ತು ನಿಮಿಷ ನಡೆಯಿರಿ. ಕಾಗುಣಿತ, ಅಂದದ ಭಾಷೆ ಯಾವುದನ್ನೂ ನೋಡಬೇಡಿ. ಬರೆದದ್ದನ್ನು ಆ ವಾರ ಯಾರಿಗೂ ತೋರಿಸಬೇಡಿ, ಫೇಸ್‌ಬುಕ್ಕಿನಲ್ಲಂತೂ ಹಾಕಲೇಬೇಡಿ. ಓದುವವರಿದ್ದಾರೆ ಅಂತ ಗೊತ್ತಾದ ಕ್ಷಣ ಮನಸ್ಸು ನಿಜವನ್ನು ಬಿಟ್ಟು ಚೆಂದವನ್ನು ಬರೆಯತೊಡಗುತ್ತದೆ.

ನಾಲ್ಕು ದಿನವೂ ಅದೇ ಘಟನೆ ಇರಲಿ, ಆದರೆ ಅದೇ ಬರಹ ಬೇಡ. ಮೊದಲ ಎರಡು ದಿನ ನಡೆದದ್ದು ಮತ್ತು ಅನ್ನಿಸಿದ್ದು. ಮೂರನೆಯ ದಿನ ‘ನಾನು’ ಬಿಟ್ಟು ‘ಆ ಹುಡುಗ’ ಅಥವಾ ‘ಆ ಹುಡುಗಿ’ ಅಂತ ಬರೆದು ನೋಡಿ. ಕನ್ನಡದಲ್ಲಿ ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದು ನನ್ನ ಅನಿಸಿಕೆ, ಏಕೆಂದರೆ ಕ್ರಿಯಾಪದದ ತುದಿಯೇ ಬದಲಾಗುತ್ತದೆ. ‘ಸರಿ ಅಂದೆ’ ಅನ್ನುವುದು ‘ಸರಿ ಅಂದಳು’ ಆದ ತಕ್ಷಣ, ಸರಿ ಅಂದದ್ದು ಹದಿಮೂರು ವರ್ಷದ ಮಗು ಅನ್ನುವುದು ಕಣ್ಣಿಗೆ ಬೀಳುತ್ತದೆ. ಆ ಮಗುವಿನ ಮೇಲೆ ಇಷ್ಟು ವರ್ಷ ಹೊರಿಸಿದ್ದ ತಪ್ಪು ಸಡಿಲವಾಗುವುದು ಸಾಮಾನ್ಯವಾಗಿ ಇಲ್ಲಿ. ನಾಲ್ಕನೆಯ ದಿನ ‘ಹಾಗಾಗಿ’, ‘ಅದರಿಂದ’, ‘ಈಗ ತಿಳಿಯುತ್ತಿದೆ’ ಅನ್ನುವ ಪದಗಳು ಬರಲು ಜಾಗ ಕೊಡಿ. ಪೆನೆಬೇಕರ್ ತಂಡ ಆಮೇಲೆ ಬರಹಗಳ ಪದಗಳನ್ನೇ ಎಣಿಸಿದಾಗ, ದಿನದಿಂದ ದಿನಕ್ಕೆ ಕಾರಣ ಮತ್ತು ಅರಿವನ್ನು ಸೂಚಿಸುವ ಇಂಥ ಪದಗಳು ಹೆಚ್ಚಾದವರಿಗೇ ಹೆಚ್ಚು ಪ್ರಯೋಜನವಾಗಿತ್ತು. ಮೊದಲ ದಿನವೇ ಎಲ್ಲ ತಿಳಿದವರಂತೆ ಬರೆದವರಿಗೆ ಅಷ್ಟಾಗಿ ಆಗಲಿಲ್ಲ.

ಅರ್ಥದ ಪ್ರಶ್ನೆ ಈಗ ಕೇಳಬಹುದು. ‘ಕಷ್ಟ ಬಂದದ್ದೇ ಒಳ್ಳೆಯದಾಯಿತು’ ಅನ್ನಬೇಕಾಗಿಲ್ಲ. ಯಾರಾದರೂ ಹಾಗೆ ಹೇಳಿಸಲು ನೋಡಿದರೆ ಒಪ್ಪಬೇಡಿ. ಆಘಾತದ ನಂತರದ ಬೆಳವಣಿಗೆಯನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದ ಟೆಡೆಸ್ಕಿ ಮತ್ತು ಕಾಲ್‌ಹೌನ್ ಕೂಡ ಬೆಳೆಸುವುದು ಘಟನೆಯಲ್ಲ, ಅದರೊಡನೆ ನಡೆಸಿದ ಗುದ್ದಾಟ ಅಂದರು. ನೋವು ಬೆಳವಣಿಗೆಯ ಪಕ್ಕದಲ್ಲೇ ಉಳಿಯಬಹುದು. ಕೆಲಸಕ್ಕೆ ಬರುವ ಪ್ರಶ್ನೆ ಚಿಕ್ಕದು: ಇವತ್ತಿನ ನನ್ನ ಯಾವ ಅಭ್ಯಾಸ ಆ ದಿನಗಳದ್ದು? ಹಳೆಯ ಡಬ್ಬ ಎಸೆಯಲಾಗದಿರುವುದು, ಸಹಾಯ ಕೇಳಲು ನಾಲಿಗೆ ಏಳದಿರುವುದು, ಬೇರೆಯವರ ಮಕ್ಕಳ ಶುಲ್ಕದ ವಿಷಯ ಬಂದರೆ ಸುಮ್ಮನಿರಲಾಗದಿರುವುದು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದರ ಕೆಲಸ ಮುಗಿದಿದೆ ಅಂತ ಒಂದೊಂದಾಗಿ ನೋಡಿ. ಅರ್ಥ ಅನ್ನುವುದು ಸಿಗುವುದಾದರೆ ಇಂಥಲ್ಲೇ ಸಿಗುತ್ತದೆ.

ಇದನ್ನೆಲ್ಲ ಮಾಡಬಾರದ ಸಂದರ್ಭಗಳೂ ಇವೆ. ಘಟನೆ ನಡೆದು ಇನ್ನೂ ಕೆಲವೇ ವಾರಗಳಾಗಿದ್ದರೆ ಬೇಡ. ಆಘಾತವಾದ ತಕ್ಷಣ ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿಯಿಂದ ಲಾಭವಾಗಲಿಲ್ಲ, ಕೆಲವರಿಗೆ ಕೆಡುಕೇ ಆಯಿತು. ಬರೆಯುವಾಗ ಅದು ಮತ್ತೆ ಈಗಲೇ ನಡೆಯುತ್ತಿದೆ ಅನ್ನಿಸಿದರೆ, ಮೈ ಮರಗಟ್ಟಿದರೆ, ತಕ್ಷಣ ಪೆನ್ನು ಕೆಳಗಿಟ್ಟು ಪಾದವನ್ನು ನೆಲಕ್ಕೊತ್ತಿ ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಿ. ಇದು ಮರುಕಳಿಸಿದರೆ, ಕುಗ್ಗಿದ ಮನಸ್ಸು ಎರಡು ವಾರವಾದರೂ ಏಳದಿದ್ದರೆ, ಮನೋವೈದ್ಯರು ಅಥವಾ ಮನಃಶಾಸ್ತ್ರಜ್ಞರ ಹತ್ತಿರ ಹೋಗಿ. ಬದುಕು ಬೇಡ ಅನ್ನಿಸಿದರೆ ಅವತ್ತೇ ಹೋಗಿ, ಒಬ್ಬರೇ ಇರಬೇಡಿ. ಬರೆಯಿಸಿಯೇ ಆಘಾತಕ್ಕೆ ಕೊಡುವ ಐದು ಭೇಟಿಗಳ ಚಿಕಿತ್ಸೆಯೂ ಇದೆ. 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಹನ್ನೆರಡು ಭೇಟಿಗಳ ಪ್ರಚಲಿತ ಚಿಕಿತ್ಸೆಗಿಂತ ಕಡಿಮೆಯೇನೂ ಆಗಿರಲಿಲ್ಲ.

ನಾಲ್ಕು ದಿನದ ಹಾಳೆಗಳನ್ನು ಲಕೋಟೆಗೆ ಹಾಕಿ ಮೇಲೆ ತಾರೀಖು ಬರೆದು ಒಂದು ತಿಂಗಳು ಮುಟ್ಟಬೇಡಿ. ತಿಂಗಳ ನಂತರ ಹಗಲಲ್ಲಿ ಓದಿ. ಓದುತ್ತಾ ‘ನನಗೆ ಇದು ನೆನಪೇ ಇರಲಿಲ್ಲ’ ಅನ್ನಿಸುವ ಒಂದಾದರೂ ಸಾಲು ಸಿಕ್ಕರೆ ದಾರದ ಮೇಲೆ ಆ ಜಾಗದಲ್ಲಿ ಅದನ್ನು ಇಡಿ, ಮುಂದಿನ ಕಲ್ಲನ್ನು ಆಮೇಲೆ ಆರಿಸಿ.