ವಿಲ್ಮಾ ಅಲ್ಲ, ನೋಬಲ್

ಪ್ರಶ್ನೆ: ನಮಸ್ಕಾರ ಸರ್. ರಾಯಚೂರಿನಲ್ಲಿ ಎಂಸಿಎ ಓದುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ 22 ಇದೆ. ಪ್ರಾಜೆಕ್ಟಿಗೆ ಡಾಕರ್ ಅನ್ನೋ ತಂತ್ರಾಂಶ ಬೇಕಿತ್ತು. ಒಂದು ಹಳೇ ವಿಡಿಯೊ ನೋಡಿ, ಉಬುಂಟು ಅನ್ನೋ ಇನ್ನೊಂದು ಲಿನಕ್ಸಿಗೆ ಅಂತ ಕೊಟ್ಟಿದ್ದ ಕಮಾಂಡುಗಳನ್ನೇ ಹೊಡೆದು ಡಾಕರ್‌ನವರ ರೆಪಾಸಿಟರಿ (ತಂತ್ರಾಂಶ ಮತ್ತು ಅದರ ಅಪ್‌ಡೇಟ್ ಸಿಗುವ ಆನ್‌ಲೈನ್ ಭಂಡಾರ) ಸೇರಿಸಿದೆ. ಈಗ ಅಪ್‌ಡೇಟ್ ಮಾಡಿದಾಗಲೆಲ್ಲ ರಿಲೀಸ್ ಫೈಲ್ ಇಲ್ಲ ಅಂತ ಎರರ್ ಬರುತ್ತದೆ. ಹೊರಗಿನ ರೆಪಾಸಿಟರಿ ಸೇರಿಸಿದ್ದೇ ತಪ್ಪು ಅಂತಾನೆ ರೂಮಿನ ಗೆಳೆಯ. ಹೌದಾ?

ಉತ್ತರ: ಗಾಬರಿ ಬೇಡ, ಏನೂ ಕೆಟ್ಟಿಲ್ಲ. ಇದು ಬರೀ ಹೆಸರಿನ ಗೊಂದಲ. ಮಿಂಟ್ 22 ನಿಂತಿರುವುದು ಉಬುಂಟು 24.04 ಮೇಲೆ. ಆ ಉಬುಂಟುವಿಗೆ ನೋಬಲ್ ಅಂತ ಹೆಸರು, ನಿಮ್ಮ ಮಿಂಟಿಗೆ ವಿಲ್ಮಾ ಅಂತ. ಹಳೇ ಕಮಾಂಡು ನಿನ್ನ ಹೆಸರೇನು ಅಂತ ಸಿಸ್ಟಮ್ಮನ್ನೇ ಕೇಳಿ, ಅದು ಹೇಳಿದ ವಿಲ್ಮಾ ಅನ್ನೋದನ್ನ ವಿಳಾಸದಲ್ಲಿ ತುಂಬಿಬಿಡುತ್ತದೆ. ಡಾಕರ್‌ನವರ ಉಬುಂಟು ರೆಪಾಸಿಟರಿಯಲ್ಲಿ ವಿಲ್ಮಾ ಅನ್ನೋ ಫೋಲ್ಡರೇ ಇಲ್ಲ. ಇನ್ನು ಫೈಲ್ ಎಲ್ಲಿಂದ ಸಿಗಬೇಕು?

ಸಾಫ್ಟ್‌ವೇರ್ ಸೋರ್ಸಸ್ ತೆರೆಯಿರಿ. ಅಡಿಷನಲ್ ರೆಪಾಸಿಟರೀಸ್‌ನಲ್ಲಿ ಆ ಸಾಲು ಇರುತ್ತದೆ. ವಿಲ್ಮಾ ಅಳಿಸಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ನೋಬಲ್ (noble) ಅಂತ ಹಾಕಿ, ಮತ್ತೆ ಅಪ್‌ಡೇಟ್ ಮಾಡಿ. ಅಷ್ಟೇ.

ಇನ್ನು ಗೆಳೆಯನ ಮಾತು. ಅದರಲ್ಲಿ ಅರ್ಧ ಸತ್ಯ ಇದೆ. ರೆಪಾಸಿಟರಿ ಸೇರಿಸುವುದು ಅಂಗಡಿಯಿಂದ ಒಂದು ಪಾಕೀಟು ಹಾಲು ತಂದಂತೆ ಅಲ್ಲ, ವರ್ತನೆ ಹಾಲು ಗೊತ್ತು ಮಾಡಿದಂತೆ, ಅದೂ ಹಾಲಿನವನ ಕೈಗೆ ಮನೆ ಬೀಗದಕೈ ಕೊಟ್ಟು. ಪ್ಯಾಕೇಜು ಇನ್‌ಸ್ಟಾಲ್ ಆಗುವಾಗ ಅದರೊಳಗಿನ ಸ್ಕ್ರಿಪ್ಟು ರೂಟ್ ಅಧಿಕಾರದಲ್ಲಿ, ಅಂದರೆ ಸಿಸ್ಟಮ್ಮಿನಲ್ಲಿ ಏನು ಬೇಕಾದರೂ ಬದಲಿಸಬಲ್ಲ ಅಧಿಕಾರದಲ್ಲಿ ಓಡುತ್ತದೆ, ಮುಂದಿನ ಪ್ರತಿ ಅಪ್‌ಡೇಟಿಗೂ ಇದೇ ಕಥೆ. ಸಹಿ ಕೀ ಇದೆಯಲ್ಲ ಅನ್ನಬಹುದು. ಅದು ಹೇಳುವುದು ಪ್ಯಾಕೇಜು ಅವರಿಂದಲೇ ಬಂತು, ದಾರಿಯಲ್ಲಿ ಯಾರೂ ಬದಲಿಸಿಲ್ಲ ಅಂತ ಮಾತ್ರ, ಅವರು ಒಳ್ಳೆಯವರು ಅಂತ ಅಲ್ಲ. ಹಾಗಾಗಿ ತಂತ್ರಾಂಶ ಮಾಡಿದವರೇ ನಡೆಸುವ ರೆಪಾಸಿಟರಿ ಆದರೆ ಸೇರಿಸಿ, ನಿಮ್ಮ ಡಾಕರ್ ಅಂಥದ್ದೇ. ಯಾರೋ ಒಬ್ಬರ ಪಿಪಿಎ (ಲಾಂಚ್‌ಪ್ಯಾಡ್ ಅನ್ನೋ ತಾಣದಲ್ಲಿ ಇರುವ ಖಾಸಗಿ ರೆಪಾಸಿಟರಿ) ಆದರೆ ಕೊನೇ ಸಲ ಯಾವಾಗ ಅಪ್‌ಡೇಟ್ ಆಗಿದೆ ಅಂತ ಅಲ್ಲಿ ನೋಡದೆ ಮುಟ್ಟಬೇಡಿ.

ಬಳ್ಳಾರಿಯ ಮನೆಯಲ್ಲಿ ನಾನೊಮ್ಮೆ ಪಿಪಿಎ ಒಂದನ್ನು ಸೇರಿಸಿ ಮರೆತುಬಿಟ್ಟಿದ್ದೆ. ಅದು ಗ್ರಾಫಿಕ್ಸ್ ಡ್ರೈವರನ್ನೇ ಬದಲಿಸಿತ್ತು, ಒಂದು ಬೆಳಿಗ್ಗೆ ಪರದೆ ಪೂರ್ತಿ ಕಪ್ಪು. ರೆಪಾಸಿಟರಿ ತೆಗೆದರೂ ಹೋಗಲಿಲ್ಲ. ಯಾಕಂದ್ರೆ ಸಾಲು ಅಳಿಸಿದರೆ ಅಲ್ಲಿಂದ ಬಂದ ಪ್ಯಾಕೇಜುಗಳು ಹಾಗೇ ಉಳಿಯುತ್ತವೆ! ಅವನ್ನು ತೆಗೆದು ಮೂಲದ್ದನ್ನು ಹಾಕುವ ಪಿಪಿಎ-ಪರ್ಜ್ ಅನ್ನೋ ಕಮಾಂಡು ಓಡಿಸಿದ ಮೇಲೆ ಉಬುಂಟುವಿನ ಮೂಲ ಡ್ರೈವರ್ ವಾಪಸ್ ಬಂತು.

ಪ್ರಾಜೆಕ್ಟ್ ಮುಗಿದು ಡಾಕರ್ ಬೇಡ ಅನಿಸಿದರೆ ಮೊದಲು ಪ್ಯಾಕೇಜು ತೆಗೆಯಿರಿ, ಆಮೇಲೆ ರೆಪಾಸಿಟರಿ, ಕೊನೆಗೆ ಸಹಿ ಕೀ.